ಏಪ್ರಿಲ್ 13, ಏಪ್ರಿಲ್ 14 ಮತ್ತು ನನ್ನ ಚೀಲದಲ್ಲಿ ಉಳಿದ ಒಂದು ಕಾಗದ



ಇದು ಸ್ವಲ್ಪ ಉದ್ದದ ಪೋಸ್ಟು. ಪುರುಸೊತ್ತಿದ್ದಾಗ ಓದಿ. ಲೈಕ್ ಹಾಕಿ ಮುಂದೆ ಹೋಗೋದಾದ್ರೆ ಈಗಲೇ ಹೋಗಿಬಿಡಿ, ಬೇಜಾರಿಲ್ಲ.

ಕಳೆದ ತಿಂಗಳು ಕಾರವಾರದಲ್ಲಿ ನಮ್ಮ ಹುಡುಗ ಹುಡುಗಿಯರದ್ದೊಂದು ಶಿಬಿರ ಇತ್ತು. ನನಗೆ ಕೊಟ್ಟ ವಿಷಯ ನಾಯಕತ್ವ. ಬಾಬಾಸಾಹೇಬರ ಬಗ್ಗೆ, ಫುಲೆ ಬಗ್ಗೆ, ಭೂಸುಧಾರಣೆ ಬಗ್ಗೆ ಒಂದೂವರೆ ತಾಸು ಮಾತಾಡಿದೆ. ಚಪ್ಪಾಳೆ ಬಿತ್ತು. ಆಮೇಲೆ ಹಿಂದಿನ ಸಾಲಿನಿಂದ ಒಬ್ಬಳು ಹುಡುಗಿ ಎದ್ದು ನಿಂತಳು. ಪಿಯುಸಿ ಮುಗಿಸಿದ್ದಾಳಂತೆ. "ಅಣ್ಣಾ, ನೀವು ಇಷ್ಟೆಲ್ಲಾ ಓದಿದ್ರಿ. ಓದಿದ್ದರಲ್ಲಿ ಯಾವುದನ್ನ ಮಾಡಿ ತೋರಿಸಿದ್ರಿ? ಒಂದೇ ಒಂದು ಹೇಳಿ ಸಾಕು" ಅಂದಳು.

ಧರಣಿ, ಮನವಿ, ಪ್ರತಿಭಟನೆ ಅಂತ ಏನೇನೋ ಹೇಳಿದೆ. ಅವಳು ತಲೆ ಅಲ್ಲಾಡಿಸಿ ಕೂತಳು. ಒಪ್ಪಿಕೊಂಡು ಕೂತಿದ್ದಲ್ಲ ಅಂತ ನನಗೆ ಗೊತ್ತಾಯ್ತು.

ಸಂಜೆ ಬಸ್ಸಿನಲ್ಲಿ ಅಂಕೋಲೆಗೆ ವಾಪಸ್ ಬರುವಾಗ ಬಿಣಗಾ, ಅರ್ಗಾ, ಚೆಂಡಿಯಾ ದಾಟುತ್ತಾ ನೌಕಾನೆಲೆಯ ಗೋಡೆ ನೋಡ್ತಾ ಕೂತಿದ್ದೆ. ಆ ಪ್ರಶ್ನೆ ತಲೆಯಿಂದ ಇಳೀಲಿಲ್ಲ. ಇವತ್ತಿಗೂ ಇಳಿದಿಲ್ಲ. ಅದಕ್ಕೇ ಇದನ್ನು ಬರೀತಿದ್ದೇನೆ. ಮೊದಲು ಈ ನೆಲದ ಚರಿತ್ರೆ ಹೇಳ್ತೇನೆ, ನನ್ನ ಕತೆ ಕೊನೆಗೆ ಬರ್ತದೆ.

ನಮ್ಮ ಅಂಕೋಲೆಯಲ್ಲಿ ಏಪ್ರಿಲ್ ತಿಂಗಳು ಎರಡು ದಿನ ಬೆನ್ನಿಗೆ ಬೆನ್ನು ಕೊಟ್ಟು ಬರ್ತವೆ. 13ಕ್ಕೆ ಉಪ್ಪಿನ ಸತ್ಯಾಗ್ರಹದ ನೆನಪು, 14ಕ್ಕೆ ಅಂಬೇಡ್ಕರ್ ಜಯಂತಿ. ಮೊದಲ ದಿನದ ಸಭೆಯಲ್ಲಿ ಕೂರುವವರು ಬೇರೆ, ಎರಡನೇ ದಿನದ ಮೆರವಣಿಗೆಯಲ್ಲಿ ನಡೆಯುವವರು ಬೇರೆ. ಎರಡೂ ಕಡೆ ಕಾಣಿಸುವವರು ಅಧಿಕಾರಿಗಳು ಮತ್ತು ಶಾಮಿಯಾನದವ.

1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಅಂಕೋಲೆಯಲ್ಲಿ ಉಪ್ಪಿನ ಕಾಯ್ದೆ ಮುರಿದರು. ಆಗ ನಮ್ಮ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿತ್ತು. ಗಾಂಧಿ ದಂಡಿಯಲ್ಲಿ ಉಪ್ಪು ಎತ್ತಿದ ಒಂದೇ ವಾರಕ್ಕೆ ಇಲ್ಲಿ ಸಾವಿರಾರು ಜನ ಸೇರಿದ್ದು ಸಣ್ಣ ಸಂಗತಿಯಲ್ಲ. ಅಂಕೋಲೆಗೆ ಕರ್ನಾಟಕದ ಬಾರ್ಡೋಲಿ ಅಂತ ಹೆಸರು ಬಂದದ್ದು ಈ ಹೋರಾಟ ಮತ್ತು ಅದರ ಬೆನ್ನಿಗೇ ನಡೆದ ಕರನಿರಾಕರಣೆಯಿಂದ. ಹೆಮ್ಮೆ ಪಡೋ ವಿಷಯವೇ. ನಾನೂ ಪಡ್ತೇನೆ.

ಆದರೆ ನಾನು ಆಗೇರ ಕೇರಿಯವನು. ಆಗರ ಅಂದ್ರೆ ಉಪ್ಪಿನ ಗದ್ದೆ, ಅಲ್ಲಿ ದುಡಿದವರು ಆಗೇರರು. ಬ್ರಿಟಿಷರು 1883ರಲ್ಲಿ ತಂದ ಕೆನರಾ ಗೆಜೆಟಿಯರಿನಲ್ಲೂ ನಮ್ಮನ್ನು ಉಪ್ಪು ಮಾಡುವವರು ಅಂತಲೇ ಬರೆದಿದ್ದಾರೆ. ಉಬ್ಬರದ ನೀರನ್ನು ಯಾವಾಗ ಒಳಗೆ ಬಿಡಬೇಕು, ಯಾವಾಗ ಕಟ್ಟಬೇಕು, ನೆಲ ಎಷ್ಟು ತುಳಿದು ಗಟ್ಟಿ ಮಾಡಿದ್ರೆ ಉಪ್ಪು ಬೆಳ್ಳಗೆ ಬರ್ತದೆ ಅನ್ನೋದೆಲ್ಲ ನಮ್ಮಜ್ಜಿಯ ಕಾಲಿಗೆ ಗೊತ್ತಿತ್ತು. ಸತ್ಯಾಗ್ರಹದ ಬಗ್ಗೆ ನಾನು ಓದಿದಷ್ಟು ಪುಸ್ತಕಗಳಲ್ಲಿ ಆಗೇರರ ಒಂದು ಹೆಸರೂ ಕಾಣಲಿಲ್ಲ. ಉಪ್ಪು ಮಾಡುವ ವಿದ್ಯೆ ಇದ್ದವರಿಗೆ ಅದು ವಿದ್ಯೆ ಅಂತಲೇ ಯಾರೂ ಹೇಳಿರಲಿಲ್ಲ. ಕಾಯ್ದೆ ಯಾವುದು, ಮುರಿಯೋದು ಹೇಗೆ ಅನ್ನೋ ತಿಳಿವಳಿಕೆ ಇನ್ನೊಬ್ಬರ ಹತ್ತಿರ ಇತ್ತು. ಚರಿತ್ರೆಗೆ ಸೇರಿದ್ದು ಅವರು.

ಕರನಿರಾಕರಣೆಯಲ್ಲಿ ಜಮೀನು ಜಪ್ತಿಯಾದವರಿಗೆ 1937ರಲ್ಲಿ ಕಾಂಗ್ರೆಸ್ ಸರ್ಕಾರ ಬಂದ ಮೇಲೆ ಕಾನೂನು ಮಾಡಿ ಜಮೀನು ವಾಪಸ್ ಕೊಡಿಸಿದರು. ಆ ಜಮೀನು ಪಾಳು ಬಿದ್ದಷ್ಟು ದಿನ ಕೂಲಿ ಇಲ್ಲದೆ ಉಪವಾಸ ಬಿದ್ದವರಿಗೆ ವಾಪಸ್ ಕೊಡೋಕೆ ಏನಿತ್ತು? ಯಾವ ದಾಖಲೆಯಲ್ಲೂ ಅವರ ಹೆಸರಿರಲಿಲ್ಲ.

ಈಗ ದಿನಕರ ದೇಸಾಯಿಯವರ ಕಡೆ ಬರ್ತೇನೆ.

ನಮ್ಮ ಕಡೆ ಮಕ್ಕಳಿಗೆ ಅವರು ಗೊತ್ತಿರೋದು ಚುಟುಕು ಬ್ರಹ್ಮ ಅಂತ. ನಾಲ್ಕು ಸಾಲಿನ ಚೌಪದಿ ಬಾಯಿಪಾಠ ಮಾಡಿಸ್ತಾರೆ, ಸ್ಪರ್ಧೆ ಇಡ್ತಾರೆ, ಶಾಲು ಹೊದಿಸ್ತಾರೆ, ಮುಗೀತು. ಅವರ ಜೀವನದ ದೊಡ್ಡ ಕೆಲಸ ಚುಟುಕದ ಹಿಂದೆ ಅಡಗಿಹೋಗಿದೆ. 1909ರಲ್ಲಿ ಅಂಕೋಲೆ ತಾಲೂಕಿನಲ್ಲಿ ಹುಟ್ಟಿದವರು, ಮೇಲ್ಜಾತಿ. ಮುಂಬೈಯ ಸೇಂಟ್ ಝೇವಿಯರ್ ಕಾಲೇಜಿಗೆ ಹೋಗಿ ಫಾದರ್ ಹೆರಾಸ್ ಎಂಬ ಹೆಸರಾಂತ ಇತಿಹಾಸಕಾರರ ಹತ್ತಿರ ಚರಿತ್ರೆ ಓದಿದರು. ಅಧ್ಯಯನಕ್ಕೆ ಆರಿಸಿಕೊಂಡದ್ದು ಏನು ಗೊತ್ತಾ? ಕಲ್ಯಾಣ ಚಾಲುಕ್ಯರ ಕೆಳಗಿದ್ದ ಮಹಾಮಂಡಲೇಶ್ವರರು. ಹಾನಗಲ್ಲಿನ ಕದಂಬರು, ಗೋವೆಯ ಕದಂಬರು ಮೊದಲಾದ ಸಾಮಂತರು. ಆ ಅಧ್ಯಯನ 1951ರಲ್ಲಿ ಪುಸ್ತಕವಾಗಿ ಬಂತು. ಜೊತೆಗೆ ಕಾನೂನನ್ನೂ ಓದಿದ್ದರು.

ಶಾಸನ ಓದೋದು ಅಂದ್ರೆ ಬಹುಪಾಲು ಭೂಮಿಯ ಲೆಕ್ಕ ಓದೋದು. ಯಾರಿಗೆ ದತ್ತಿ, ಎಷ್ಟು ಮತ್ತರು, ಯಾವ ಸುಂಕ ಬಿಟ್ಟರು, ಗಡಿಗೆ ಯಾವ ಕಲ್ಲು ನೆಟ್ಟರು. ಅದನ್ನು ವರ್ಷಗಟ್ಟಲೆ ಓದಿದವನಿಗೆ ಊರಿಗೆ ಬಂದಾಗ ಗದ್ದೆಬದಿ ಬೇರೆ ತರ ಕಂಡಿರಬೇಕು ಅಂತ ನನ್ನ ಊಹೆ. ಅವರು ಮುಂಬೈಯಲ್ಲೇ ಪ್ರೊಫೆಸರಾಗಿ ಕೂತು ಇನ್ನೂ ನಾಲ್ಕು ಗ್ರಂಥ ಬರೆದಿದ್ರೆ ಯಾರೂ ಬೈತಿರಲಿಲ್ಲ. ಗೋಖಲೆ 1905ರಲ್ಲಿ ಪುಣೆಯಲ್ಲಿ ಕಟ್ಟಿದ ಭಾರತ ಸೇವಕ ಸಮಾಜ ಸೇರಿದರು. ಕಡಿಮೆ ಸಂಬಳ, ಇಡೀ ಜೀವನದ ಕರಾರು.

ಮುಂಬೈಯಲ್ಲಿ ಅವರಿಗೆ ಬಿದ್ದ ಕೆಲಸ ಹಡಗಿನ ಕೂಲಿಗಳ ಸಂಘದ್ದು. ಕರಾವಳಿಯ ನಮ್ಮವರು, ಕೊಂಕಣದವರು, ಗೋವೆಯವರು ಹಡಗಿನಲ್ಲಿ ಕಲ್ಲಿದ್ದಲು ತುಂಬೋಕೆ, ಡೆಕ್ ತೊಳೆಯೋಕೆ ಹೋಗ್ತಿದ್ದರು. ಕೆಲಸ ಸಿಗಬೇಕಾದ್ರೆ ಸಾರಂಗನಿಗೂ ದಲ್ಲಾಳಿಗೂ ಲಂಚ ಕೊಡಬೇಕಿತ್ತು. ಒಂದು ಪ್ರಯಾಣ ಮುಗಿದ್ರೆ ಮತ್ತೆ ತಿಂಗಳುಗಟ್ಟಲೆ ದಕ್ಕೆಯಲ್ಲಿ ಕಾಯೋದು. ದೇಸಾಯಿ ಅವರ ಸಂಘ ಕಟ್ಟುವುದರ ಜೊತೆಗೆ ಭಾರತದ ನಾವಿಕ ಕಾರ್ಮಿಕರ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನೇ ಬರೆದರು. ಪ್ರಾಥಮಿಕ ಶಿಕ್ಷಣದ ಮೇಲೂ ಒಂದು ಬರೆದರು. ಭಾಷಣಕ್ಕೆ ಬೇಕಾದಷ್ಟು ಮಾತ್ರ ಓದಿಕೊಂಡು ಹೋಗುವ ನಮ್ಮಂಥವರಿಗೆ ಇದು ನೋಡಬೇಕಾದ ವಿಷಯ. ಕಾರ್ಮಿಕ ಹೇಳಿದ ದೂರನ್ನು ಅವರು ಲೆಕ್ಕ ಮಾಡಿ ಇಡ್ತಿದ್ದರು.

ಅದೇ ಹೊತ್ತಿಗೆ ಇಲ್ಲಿ ಊರಿನಲ್ಲಿ ಗೇಣಿ.

ಹೊಸಬರಿಗೆ ಸ್ವಲ್ಪ ಬಿಡಿಸಿ ಹೇಳ್ತೇನೆ. ನಮ್ಮ ಜಿಲ್ಲೆಯ ಗದ್ದೆಗಳಲ್ಲಿ ಎರಡು ಬಗೆ ಗೇಣಿ ಇತ್ತು. ಮೂಲಗೇಣಿಯವನಿಗೆ ಸ್ವಲ್ಪ ಭದ್ರತೆ, ಗೇಣಿ ಏರಿಸುವಂತಿಲ್ಲ, ಎಬ್ಬಿಸುವಂತಿಲ್ಲ. ಚಾಲಗೇಣಿಯವನಿಗೆ ಏನೂ ಇಲ್ಲ. ಒಡೆಯನ ಮನಸ್ಸು ಇರೋತನಕ ಗದ್ದೆ. ಭತ್ತ ಅಳೆದು ಕೊಡಬೇಕು. ಅಜ್ಜಿ ಹೇಳ್ತಿದ್ದಳು, ಅಳೆದು ತಗೊಳ್ಳೋವಾಗ ಒಡೆಯನ ಕೊಳಗ ದೊಡ್ಡದು, ಅಳೆದು ಕೊಡುವಾಗ ಅವನ ಸಿದ್ದೆ ಸಣ್ಣದು ಅಂತ. ರಸೀದಿ ಅನ್ನೋ ಪದಾರ್ಥವೇ ಇರಲಿಲ್ಲ. ಗೇಣಿಯ ಮೇಲೆ ಬಿಟ್ಟಿ ಬೇರೆ. ಹಬ್ಬಕ್ಕೆ ಕಾಯಿ, ಬಾಳೆಗೊನೆ, ಕೋಳಿ ಒಪ್ಪಿಸಬೇಕು, ಒಡೆಯನ ಮನೆಯ ಮದುವೆಗೆ ಕಟ್ಟಿಗೆ ಒಡೆದು ಹಾಕಬೇಕು.

ಮೇಲೆ ಒಡೆಯ. ನಡುವೆ ಹಾಲಕ್ಕಿ ಒಕ್ಕಲಿಗರು ಮೊದಲಾದ ಗೇಣಿದಾರರು. ಕೆಳಗೆ ಮುಕ್ರಿಯವರು, ಆಗೇರರು, ಹಳ್ಳೇರರು. ನಾವು ಗೇಣಿದಾರರೂ ಅಲ್ಲ. ಗೇಣಿದಾರನ ಗದ್ದೆಯಲ್ಲಿ ಕೂಲಿ. ಈ ಮೂರನೇ ಮೆಟ್ಟಿಲನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗ್ತದೆ.

1930ರ ದಶಕದ ಕೊನೆಯಲ್ಲಿ ದೇಸಾಯಿ ಊರೂರು ತಿರುಗಿ ರೈತಸಂಘ ಕಟ್ಟಿದರು. ಉಳುವವನೇ ಒಡೆಯ ಅನ್ನೋ ಕೂಗು ಅಂಕೋಲೆ, ಕುಮಟೆ, ಕಾರವಾರದ ಹಳ್ಳಿಗಳಲ್ಲಿ ಎದ್ದಿತು. ಒಡೆಯನ ಜಗಲಿಯ ಕೆಳಗೆ ತಲೆತಗ್ಗಿಸಿ ನಿಲ್ಲುತ್ತಿದ್ದವರು ಸಭೆಗೆ ಬಂದು ಕೂತರು. ಅದು ಒಡೆಯರಿಗೂ ಸರ್ಕಾರಕ್ಕೂ ತಡೆಯಲಿಲ್ಲ. 1940ರಲ್ಲಿ ದೇಸಾಯಿಯವರನ್ನು ಜಿಲ್ಲೆಯಿಂದಲೇ ಗಡಿಪಾರು ಮಾಡಿದರು. ಸುಮಾರು ಐದು ವರ್ಷ ತನ್ನ ಊರಿಗೆ ಕಾಲಿಡುವಂತಿರಲಿಲ್ಲ.

ಇಲ್ಲಿ ಸ್ವಲ್ಪ ಮುಂಬೈಗೆ ಹೋಗೋಣ. ಯಾಕಂದ್ರೆ ಅದೇ ವರ್ಷಗಳಲ್ಲಿ ಅದೇ ಊರಲ್ಲಿ ಬಾಬಾಸಾಹೇಬರು ಇದೇ ಕೆಲಸ ಮಾಡ್ತಿದ್ದರು.

ಅಂಬೇಡ್ಕರ್ ಭೂಮಿಯ ಬಗ್ಗೆ ಬರೆದ ಲೇಖನ 1918ರದ್ದು, ಸಣ್ಣ ಹಿಡುವಳಿಗಳ ಬಗ್ಗೆ. ಆಗಿನ್ನೂ ಅವರಿಗೆ 27 ವರ್ಷ. ಅಲ್ಲಿಂದ 19 ವರ್ಷ ಬಿಟ್ಟು, 1937ರ ಸೆಪ್ಟೆಂಬರಿನಲ್ಲಿ, ಮುಂಬೈ ಶಾಸನಸಭೆಯಲ್ಲಿ ಖೋತಿ ಪದ್ಧತಿ ರದ್ದು ಮಾಡುವ ಮಸೂದೆ ಮಂಡಿಸಿದರು. ಖೋತಿ ಅಂದ್ರೆ ಕೊಂಕಣದ ಗೇಣಿ ವ್ಯವಸ್ಥೆ. ಸರ್ಕಾರಕ್ಕೆ ಕಂದಾಯ ಕಟ್ಟುವ ಖೋತ ರೈತರನ್ನು ಹಿಂಡಿ ತಿನ್ನುವ ಏರ್ಪಾಡು. ರತ್ನಾಗಿರಿ, ಕುಲಾಬಾ ಕಡೆ ಇತ್ತು, ನಮ್ಮ ಕಾರವಾರದಿಂದ ಗೋವೆ ದಾಟಿದರೆ ಸಿಗುವ ನೆಲ. ಮಸೂದೆ ಮಂಡಿಸಿ ಮನೆಗೆ ಹೋಗಲಿಲ್ಲ. 1938ರ ಜನವರಿಯಲ್ಲಿ ಸಾವಿರಾರು ರೈತರನ್ನು ಶಾಸನಸಭೆಯ ಬಾಗಿಲಿಗೇ ಕರಕೊಂಡು ಬಂದರು. ಆ ಮೆರವಣಿಗೆಯಲ್ಲಿ ದಲಿತರೂ ಇದ್ದರು, ಕುಣಬಿಗಳೂ ಇದ್ದರು, ಕಮ್ಯುನಿಸ್ಟರೂ ಇದ್ದರು. ಅವರ ಸ್ವತಂತ್ರ ಕಾರ್ಮಿಕ ಪಕ್ಷದಲ್ಲಿ ಶಾಮರಾವ್ ಪರುಳೇಕರ್ ಅಂತ ಒಬ್ಬರಿದ್ದರು. ಅವರೂ ಭಾರತ ಸೇವಕ ಸಮಾಜದಿಂದ ಬಂದವರು, ಅಂದ್ರೆ ದೇಸಾಯಿಯವರ ಸಂಸ್ಥೆಯಿಂದಲೇ. ಮುಂದೆ ಹೆಂಡತಿ ಗೋದಾವರಿ ಜೊತೆ ವಾರ್ಲಿ ಆದಿವಾಸಿಗಳನ್ನು ಕಟ್ಟಿ ನಿಲ್ಲಿಸಿದವರು. ಈ ಹೆಸರುಗಳನ್ನು ನಾವು ಬೇರೆ ಬೇರೆ ಕಪಾಟಿನಲ್ಲಿ ಇಟ್ಟು ಓದ್ತೇವೆ. ಆ ಕಾಲದ ಮುಂಬೈಯಲ್ಲಿ ಅವರೆಲ್ಲ ಒಂದೇ ಬೀದಿಯಲ್ಲಿ ಓಡಾಡ್ತಿದ್ದರು.

ಖೋತಿ ಮಸೂದೆ ಆಗ ಪಾಸಾಗಲಿಲ್ಲ. ಖೋತಿ ರದ್ದಾದದ್ದು 1949ರ ಕಾನೂನಿನಿಂದ. ಹನ್ನೆರಡು ವರ್ಷ.

ಮಹಾಡ್ ಇನ್ನೂ ಸ್ಪಷ್ಟ ಉದಾಹರಣೆ. ನಾವೆಲ್ಲ ಮಾರ್ಚ್ 20, 1927 ಅಂತ ಹೇಳ್ತೇವೆ, ಚೌಡಾರ ಕೆರೆ ನೀರು ಕುಡಿದರು ಅಂತ ಹೇಳ್ತೇವೆ. ಅದರ ಹಿಂದಿನ ಕಾಗದದ ಕತೆ ಎಷ್ಟು ಜನ ಹೇಳ್ತೇವೆ? 1923ರ ಆಗಸ್ಟಿನಲ್ಲಿ ಎಸ್.ಕೆ. ಬೋಲೆಯವರು ಮುಂಬೈ ಶಾಸನ ಪರಿಷತ್ತಿನಲ್ಲಿ ಒಂದು ಠರಾವು ಪಾಸು ಮಾಡಿಸಿದ್ದರು. ಸರ್ಕಾರಿ ಹಣದಲ್ಲಿ ಆದ ಕೆರೆ, ಬಾವಿ, ಶಾಲೆ, ಧರ್ಮಶಾಲೆ ಎಲ್ಲ ಅಸ್ಪೃಶ್ಯರಿಗೂ ಮುಕ್ತ ಅಂತ. ಮರುವರ್ಷ ಮಹಾಡಿನ ಪುರಸಭೆಯೂ ಕೆರೆ ತೆರೆಯಲು ಒಪ್ಪಿ ಬರೆದುಕೊಟ್ಟಿತು. ಕಾಗದ ಕಪಾಟಿನಲ್ಲಿ ಬೆಚ್ಚಗೆ ಮಲಗಿತ್ತು. ಒಬ್ಬನೂ ಹೋಗಿ ನೀರು ಮುಟ್ಟಿರಲಿಲ್ಲ. ಅಂಬೇಡ್ಕರ್ ಆ ಕಾಗದವನ್ನು ಕಾಲಿಗೆ ಇಳಿಸಿದರು. ಕೆರೆಗೆ ನಡೆದರು. ಪೆಟ್ಟು ತಿಂದರು. ಮೇಲ್ಜಾತಿಯವರು ಕೋರ್ಟಿಗೆ ಎಳೆದಾಗ ಹತ್ತು ವರ್ಷ ಕೇಸು ನಡೆಸಿದರು. 1937ರ ಮಾರ್ಚಿನಲ್ಲಿ ಹೈಕೋರ್ಟು ನಮ್ಮ ಪರ ತೀರ್ಪು ಕೊಟ್ಟಿತು. ಕೆರೆಯ ದಡದ ಫೋಟೋ ನಮ್ಮ ಡಿಪಿಯಲ್ಲಿದೆ. ಹತ್ತು ವರ್ಷ ಕೋರ್ಟಿನ ತಾರೀಖು ಬರೆದಿಟ್ಟುಕೊಂಡ ಡೈರಿ ಯಾರ ಡಿಪಿಯಲ್ಲೂ ಇಲ್ಲ.

ದೇಸಾಯಿ ವಿಷಯಕ್ಕೆ ವಾಪಸ್. ಗಡಿಪಾರು ಮುಗಿಸಿ ಬಂದಮೇಲೆ ಅವರಿಗೆ ಗೇಣಿ ಕಾಯ್ದೆಯ ಹೋರಾಟ ಮುಂದುವರಿಸುವುದಿತ್ತು. ಮುಂಬೈ ಪ್ರಾಂತ್ಯ 1939ರಲ್ಲೇ ಗೇಣಿ ಕಾಯ್ದೆ ಮಾಡಿತ್ತು, ಮೊದಲು ಕೆಲವೇ ಜಿಲ್ಲೆಗೆ ಜಾರಿ. ಇಡೀ ಪ್ರಾಂತ್ಯಕ್ಕೆ ಬಂದದ್ದು 1946ರಲ್ಲಿ. 1948ರಲ್ಲಿ ಇನ್ನೊಂದು, ಇದಕ್ಕಿಂತ ಗಟ್ಟಿಯಾದ ಕಾಯ್ದೆ. ಆದರೆ ಕಾಯ್ದೆ ಬಂದಮೇಲೆ ಅವರು ಒಂದು ಸಂಗತಿ ಗಮನಿಸಿರಬೇಕು. ಹಕ್ಕು ಇದೆ ಅಂತ ಓದಿಕೊಳ್ಳೋಕೆ ರೈತನ ಮನೆಯಲ್ಲಿ ಅಕ್ಷರ ಬಲ್ಲವರೇ ಇಲ್ಲ. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿದರು. ಹೈಸ್ಕೂಲು ಬೇಕಾದ್ರೆ ಪೇಟೆಗೆ ಹೋಗಿ ಯಾರದ್ದೋ ಮನೆಯಲ್ಲಿ ವಾರಾನ್ನ ಉಂಡು ಓದಬೇಕಿದ್ದ ಕಾಲ. ಹಾಲಕ್ಕಿ ಹುಡುಗನಿಗೆ, ಮೀನುಗಾರರ ಹುಡುಗನಿಗೆ ವಾರಾನ್ನ ಯಾರು ಹಾಕ್ತಾರೆ? ನಮ್ಮ ಕೇರಿಯ ಹುಡುಗನನ್ನಂತೂ ಅಂಗಳಕ್ಕೂ ಸೇರಿಸುತ್ತಿರಲಿಲ್ಲ. ಜನತಾ ವಿದ್ಯಾಲಯ ಅನ್ನೋ ಹೆಸರಿನಲ್ಲಿ ಮಿರ್ಜಾನ, ಮುರ್ಡೇಶ್ವರ, ಶಿರಾಲಿ, ದಾಂಡೇಲಿ ಹೀಗೆ ಹೈಸ್ಕೂಲುಗಳು ಎದ್ದವು. 1966ರಲ್ಲಿ ಅಂಕೋಲೆಗೆ ಕಾಲೇಜು ಬಂತು, ಗೋಖಲೆ ಶತಾಬ್ದಿ ಕಾಲೇಜು.

ಈ ಹೆಸರಿನ ಹಿಂದೆ ಒಂದು ದಾರಿ ಕಾಣ್ತದೆ ನನಗೆ. 1911ರಲ್ಲಿ ಗೋಖಲೆ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಮಸೂದೆ ತಂದರು. ದೊಡ್ಡ ದೊಡ್ಡ ಜಮೀನ್ದಾರರು ಸೇರಿ ಸೋಲಿಸಿದರು. ಕೂಲಿ ಮಕ್ಕಳೆಲ್ಲ ಶಾಲೆಗೆ ಹೋದ್ರೆ ಗದ್ದೆಗೆ ಯಾರು ಅನ್ನೋ ಹೆದರಿಕೆ. ಸೋತ ಆ ಮಸೂದೆಯನ್ನು ದೇಸಾಯಿ ಸಂಶೋಧಕರಾಗಿ ಓದಿದ್ದರು. ಆಮೇಲೆ ಊರಿಗೆ ಬಂದು ಒಂದೊಂದೇ ಶಾಲೆ ಕಟ್ಟಿದರು. 1967ರಲ್ಲಿ ಕೆನರಾ ಕ್ಷೇತ್ರದಿಂದ ಪಕ್ಷೇತರರಾಗಿ ಗೆದ್ದು ಲೋಕಸಭೆಗೂ ಹೋದರು. 'ಜನಸೇವಕ' ಅಂತ ವಾರಪತ್ರಿಕೆ ನಡೆಸಿದರು. ಚುಟುಕ ಯಾಕೆ ಬರೆದರು ಅಂತ ಈಗ ಯೋಚನೆ ಮಾಡಿ. ಹೈಸ್ಕೂಲಿಗೆ ಹೋಗದವನಿಗೂ ನಾಲ್ಕು ಸಾಲು ನೆನಪಿರ್ತದೆ.

ಇಷ್ಟು ಹೊಗಳಿದೆ. ಈಗ ಕೆಲವರಿಗೆ ಬೇಜಾರಾಗುವ ಮಾತು.

ಉಳುವವನೇ ಒಡೆಯ ಅಂದಾಗ 'ಉಳುವವ' ಯಾರು? ದೇಸಾಯಿಯವರ ಹೋರಾಟದ ಫಲ ಪೂರ್ತಿ ಕೈಗೆ ಬಂದದ್ದು ದೇವರಾಜ ಅರಸರ ಕಾಲದಲ್ಲಿ. 1974ರ ಮಾರ್ಚ್ 1ರಿಂದ ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿತು. ಗೇಣಿದಾರರು ಫಾರಂ ನಂಬರ್ 7 ತುಂಬಿ ಭೂ ನ್ಯಾಯಮಂಡಳಿಗೆ ಕೊಡಬೇಕು. ರಾಜ್ಯದಲ್ಲಿ ಅತಿ ಹೆಚ್ಚು ಗೇಣಿದಾರರಿದ್ದದ್ದೇ ಎರಡೂ ಕನ್ನಡ ಜಿಲ್ಲೆಗಳಲ್ಲಿ. ಹಾಲಕ್ಕಿಯವರ ಮನೆಗಳಿಗೆ ಪಹಣಿ ಬಂತು. ಅದು ಕ್ರಾಂತಿಯೇ, ಯಾರು ಏನೇ ಹೇಳಲಿ.

ನಮ್ಮಜ್ಜನೂ ಆ ವರ್ಷ ಖುಷಿಯಲ್ಲಿದ್ದನಂತೆ. ಇಡೀ ಜೀವಮಾನ ಅದೇ ಗದ್ದೆಯಲ್ಲಿ ಅವನೇ ಎತ್ತು ಹೊಡೆದದ್ದು. ಅಪ್ಪ ಹೇಳ್ತಿದ್ದ, ಅಜ್ಜ ಒಳ್ಳೆ ಅಂಗಿ ಹಾಕ್ಕಂಡು ಗೇಣಿದಾರರ ಮನೆಗೆ ಹೋಗಿ ಕೇಳಿದನಂತೆ, "ಒಡ್ಯಾ, ಉಳೂದು ನಾನಲ್ವಾ?" ಅಂತ. ಅವರು ಕೆಟ್ಟವರಲ್ಲ. ನಕ್ಕು, ಎಲೆ ಅಡಿಕೆ ಕೊಟ್ಟು, "ನೀ ಉಳ್ತೆ ಖರೆ, ಗೇಣಿ ನನ್ನ ಹೆಸರಲ್ಲಿ ಅದೆ" ಅಂದರಂತೆ. ಕಾನೂನೂ ಅದನ್ನೇ ಹೇಳಿತ್ತು. ಕೂಲಿ ಕೊಟ್ಟು ತಮ್ಮ ಉಸ್ತುವಾರಿಯಲ್ಲಿ ಮಾಡಿಸಿದರೂ ಅದು ಸ್ವಂತ ಸಾಗುವಳಿಯೇ. ಮೂರನೇ ಮೆಟ್ಟಿಲಿನವನ ಕಾಲಿಗೆ ಅಂಟಿದ ಕೆಸರು ದಾಖಲೆ ಆಗಲಿಲ್ಲ.

ಅಜ್ಜನಿಗೆ ಏನೂ ಇರಲಿಲ್ಲ ಅಂತ ನಾನೂ ಬಹಳ ವರ್ಷ ಭಾಷಣ ಮಾಡಿದೆ. ಆಮೇಲೆ ಕಾಯ್ದೆಯನ್ನೇ ತೆಗೆದು ಓದಿದಾಗ ಹೊಟ್ಟೆ ಉರೀತು. ಅದೇ ಭೂಸುಧಾರಣಾ ಕಾಯ್ದೆಯಲ್ಲಿ 38ನೇ ಕಲಮು ಇದೆ. ಬೇರೆಯವರ ಜಾಗದಲ್ಲಿ ಮನೆ ಕಟ್ಟಿಕೊಂಡಿರುವ ಕೃಷಿ ಕೂಲಿಕಾರನಿಗೆ ಆ ಮನೆಯ ಜಾಗದ ಹಕ್ಕು. 77ನೇ ಕಲಮಿನಲ್ಲಿ ಹೆಚ್ಚುವರಿ ಭೂಮಿ ಹಂಚುವಾಗ ಅರ್ಧ ಪರಿಶಿಷ್ಟ ಜಾತಿ ಪಂಗಡಕ್ಕೆ. ಅಂದ್ರೆ ಗದ್ದೆ ಸಿಗದಿದ್ದರೂ ಗುಡಿಸಲು ನಿಂತ ನೆಲವನ್ನಾದರೂ ಅಜ್ಜ ಕೇಳಬಹುದಿತ್ತು. ಯಾರೂ ಬಂದು ಹೇಳಲಿಲ್ಲ. ಫಾರಂ ಏಳನ್ನು ಮನೆಮನೆಗೆ ಹೋಗಿ ತುಂಬಿಸಿದ ರೈತಸಂಘದ ಕಾರ್ಯಕರ್ತರಿದ್ದರು. ನಮ್ಮ ಕೇರಿಗೆ ಅಂಥ ಒಬ್ಬ ಕಾರ್ಯಕರ್ತ ಇರಲಿಲ್ಲ. ದಲಿತ ಸಂಘರ್ಷ ಸಮಿತಿ ಅದೇ ದಶಕದಲ್ಲಿ ಭದ್ರಾವತಿ, ಶಿವಮೊಗ್ಗ ಕಡೆ ಕಣ್ಣುಬಿಡ್ತಾ ಇತ್ತು. ಘಟ್ಟ ಇಳಿದು ನಮ್ಮ ಕೇರಿಗೆ ಬರೋಹೊತ್ತಿಗೆ ಅರ್ಜಿ ಕಾಲ ಮುಗಿದಿತ್ತು.

ಮುಂದೆ ಅಜ್ಜನನ್ನು ಆ ಜಾಗದಿಂದ ಎಬ್ಬಿಸಿದರು. ಬೆಟ್ಟದ ಬುಡಕ್ಕೆ ಹೋಗಿ ಕೂತೆವು. ಅದು ಅರಣ್ಯ ಇಲಾಖೆಯ ಗಡಿಯೊಳಗೆ. ಅಲ್ಲಿ ಮೊದಲೇ ನಮ್ಮವರ ನಾಲ್ಕೈದು ಮನೆ ಇತ್ತು, ಅಜ್ಜನ ಅಪ್ಪನ ಕಾಲದಿಂದ.

ಈಗ ನನ್ನ ಕತೆ.

ಅರಣ್ಯ ಹಕ್ಕು ಕಾಯ್ದೆ 2006ರದ್ದು. ಅದರ ಬಗ್ಗೆ ನಾನು ಕಾರವಾರದಲ್ಲಿ, ಶಿರಸಿಯಲ್ಲಿ, ಧಾರವಾಡದಲ್ಲಿ ಎಷ್ಟು ಕಡೆ ಮಾತಾಡಿದ್ದೇನೆ ಲೆಕ್ಕ ಇಲ್ಲ. ಬುಡಕಟ್ಟಿನವರಲ್ಲದ ನಮ್ಮಂಥವರು ಮೂರು ತಲೆಮಾರು, ಅಂದ್ರೆ 75 ವರ್ಷ, ಅಲ್ಲಿದ್ದೆವು ಅಂತ ತೋರಿಸಬೇಕು. ಅಧಿಕಾರಿಗಳು 75 ವರ್ಷದ ಕಾಗದ ತನ್ನಿ ಅಂತಾರೆ. ಕಾಗದ ಇದ್ದಿದ್ರೆ ಬೆಟ್ಟದ ಬುಡದಲ್ಲಿ ಯಾಕೆ ಕೂರ್ತಿದ್ವಿ? ನಿಯಮ 13 ಓದಿ. ಹಳೆಯ ಬಾವಿ, ಕಟ್ಟೆ, ಗುಡಿಸಲಿನ ಕುರುಹು, ಹೆಣ ಹೂಳುವ ಜಾಗ, ಇವೆಲ್ಲ ಸಾಕ್ಷಿ. ಊರಿನ ಹಿರಿಯರು ಹೇಳಿದ್ದನ್ನು ಬರೆದು ಕೊಟ್ಟರೆ ಅದೂ ಸಾಕ್ಷಿ. ಹೀಗೆ ಭಾಷಣದಲ್ಲಿ ನಾನು ಜೋರಾಗಿ ಹೇಳ್ತಿದ್ದೆ, ಜನ ಬರಕೊಳ್ತಿದ್ದರು.

ನಮ್ಮ ಕೇರಿಯ ದೊಡ್ಡಮ್ಮನ ಅರ್ಜಿ ತಿರಸ್ಕಾರ ಆಯಿತು. ತಿಳಿವಳಿಕೆ ಪತ್ರ ಬಂತು. ಅವಳಿಗೆ ಓದು ಬರೋದಿಲ್ಲ. ಸೆರಗಿನಲ್ಲಿ ಕಟ್ಟಿಕೊಂಡು ನನ್ನ ಮನೆಗೆ ಬಂದು ಕೊಟ್ಟಳು. "ತಮಾ, ಇದೆಂತದು ನೋಡು ಮಾರಾಯಾ, ನಿಂಗೆ ಗೊತ್ತಾಗ್ತದೆ" ಅಂದಳು. ನೋಡಿದೆ, ಗೊತ್ತಾಯ್ತು. ಉಪವಿಭಾಗ ಮಟ್ಟದ ಸಮಿತಿಗೆ ಮೇಲ್ಮನವಿ ಹಾಕೋದಕ್ಕೆ 60 ದಿನ ಇದೆ. ವಕೀಲ ಗೆಳೆಯನಿಗೆ ತೋರಿಸಿ ಮಾಡಿಸ್ತೇನೆ, ನೀ ಚಿಂತೆ ಮಾಡಬೇಡ ಅಂದೆ. ಕಾಗದ ಚೀಲದೊಳಗೆ ಇಟ್ಟೆ.

ಅದು ಮಾರ್ಚ್ ಕೊನೆ. ಏಪ್ರಿಲ್ ನಮಗೆ ಗೊತ್ತಲ್ಲ, ಜಯಂತಿ ತಿಂಗಳು. ಆ ತಿಂಗಳು ಪೂರ್ತಿ ಒಂದೂರಿಂದ ಇನ್ನೊಂದೂರಿಗೆ ಭಾಷಣ. ಮೇ ತಿಂಗಳಲ್ಲಿ ಒಂದು ವಿಚಾರ ಸಂಕಿರಣ, ಅರಣ್ಯ ಹಕ್ಕಿನ ಮೇಲೇ. ನನ್ನ ಪ್ರಬಂಧಕ್ಕೆ ಒಳ್ಳೇ ಮಾತು ಬಂತು. ಆ ಪ್ರಬಂಧದ ಪುಟಗಳೂ ದೊಡ್ಡಮ್ಮನ ಕಾಗದವೂ ಒಂದೇ ಚೀಲದಲ್ಲಿದ್ದವು. ಜೂನಿನ ಮೊದಲ ಮಳೆಗೆ ಚೀಲ ಒದ್ದೆಯಾಗಿ ಎಲ್ಲ ತೆಗೆದು ಒಣಗಿಸುವಾಗ ಸಿಕ್ಕಿತು. ದಿನ ಎಣಿಸಿದೆ. 60 ದಾಟಿ ಹನ್ನೊಂದು ದಿನ ಆಗಿತ್ತು.

ಕಚೇರಿಯಲ್ಲಿ ತಡವಾದದ್ದಕ್ಕೆ ಕಾರಣ ಕೇಳಿದರು. ಅರ್ಜಿದಾರರಿಗೆ ಓದು ಬರೋದಿಲ್ಲ ಅಂತ ಬರೆದೆ. ಅದು ಸುಳ್ಳಲ್ಲ, ಆದರೆ ಸತ್ಯವೂ ಅಲ್ಲ. ಓದು ಬರುವವನ ಕೈಯಲ್ಲೇ ಅದು ಕೊಳೆತಿತ್ತು. ಮೇಲ್ಮನವಿ ಅವರು ತಗೊಂಡಿದ್ದಾರೆ, ತಡ ಮನ್ನಿಸ್ತಾರೋ ಇಲ್ವೋ ಇನ್ನೂ ಹೇಳಿಲ್ಲ. ಅರ್ಜಿಯ ವಿಚಾರಣೆ ಪೂರ್ತಿ ಮುಗಿಯುವ ತನಕ ಒಕ್ಕಲೆಬ್ಬಿಸುವಂತಿಲ್ಲ ಅಂತ ಅದೇ ಕಾಯ್ದೆಯ 4(5)ನೇ ಕಲಮು ಹೇಳ್ತದೆ, ಅದನ್ನು ದೊಡ್ಡ ಅಕ್ಷರದಲ್ಲಿ ಬರೆದು ಅವಳ ಮನೆ ಬಾಗಿಲಿಗೆ ಅಂಟಿಸಿದ್ದೇನೆ. ಅವಳು ಅದನ್ನು ಓದಲಾರಳು. ಗಾರ್ಡ್ ಬಂದ್ರೆ ಓದಲಿ.

ಇದನ್ನು ದೊಡ್ಡಮ್ಮನಿಗೆ ಹೇಳಿದೆ. ತಪ್ಪು ನನ್ನದು ಅಂತ ಹೇಳಿದೆ. ಬೈದಿದ್ರೆ ಚೆನ್ನಾಗಿತ್ತು. ಅಂಗಳದಲ್ಲಿ ಒಣಮೀನು ಆರಿಸುತ್ತಾ ಕೂತಿದ್ದಳು, ತಲೆ ಎತ್ತದೆ ಅಂದಳು, "ನೀ ದೊಡ್ಡ ದೊಡ್ಡ ಕೆಲಸ ಇದ್ದವ, ತಮಾ."

ಶಿಬಿರದ ಹುಡುಗಿ ಕೇಳಿದಾಗ ನನ್ನ ಕಣ್ಣೆದುರು ಬಂದದ್ದು ಇದೇ ಅಂಗಳ. ಅಲ್ಲಿ ಹೇಳಲಿಕ್ಕೆ ಧೈರ್ಯ ಬರಲಿಲ್ಲ, ಇಲ್ಲಿ ಹೇಳಿದ್ದೇನೆ. ತಂಗೀ, ನೀನು ಇದನ್ನು ಓದ್ತಿದ್ದರೆ, ನಿನ್ನ ಪ್ರಶ್ನೆಗೆ ಅವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ.

ದೇಸಾಯಿಯವರ ಹಾಗೆ ಟ್ರಸ್ಟ್ ಕಟ್ಟೋದು ನನ್ನಿಂದ ಆಗೋದಿಲ್ಲ. ಹತ್ತು ವರ್ಷ ಕೇಸು ನಡೆಸಿದ ಬಾಬಾಸಾಹೇಬರ ಹೆಸರು ಇಲ್ಲಿ ನನ್ನ ಜೊತೆ ತರೋದೂ ತಪ್ಪು. ಒಂದು ನೋಟುಬುಕ್ ತಂದಿದ್ದೇನೆ, ನೂರು ಪುಟದ್ದು. ನಮ್ಮ ಕೇರಿಯಲ್ಲೂ ಪಕ್ಕದ ಮುಕ್ರಿ ಕೇರಿಯಲ್ಲೂ ಯಾರ ಅರ್ಜಿ ಎಲ್ಲಿದೆ, ತಿಳಿವಳಿಕೆ ಪತ್ರ ಯಾವತ್ತು ಬಂತು, ಕೊನೆಯ ದಿನ ಯಾವುದು ಅಂತ ಬರೀತಿದ್ದೇನೆ. ಇವತ್ತಿಗೆ 31 ಮನೆ ಆಯಿತು. ಅದರಲ್ಲಿ ನಾಲ್ಕು ಮನೆಯವರಿಗೆ ತಿರಸ್ಕಾರ ಆಗಿದೆ ಅನ್ನೋದೇ ಗೊತ್ತಿರಲಿಲ್ಲ. ಪತ್ರವೇ ಕೊಟ್ಟಿಲ್ಲ. ಪತ್ರ ಕೊಡದಿದ್ದರೆ 60 ದಿನ ಶುರುವಾಗೋದು ಹೇಗೆ ಅಂತ ಬರೆದು ಕೇಳಿದ್ದೇವೆ.

ಬರೋ ರವಿವಾರ ಬೆಳಿಗ್ಗೆ ಹತ್ತಕ್ಕೆ ನಮ್ಮ ಕೇರಿಯ ಅಂಗನವಾಡಿ ಕಟ್ಟೆಯಲ್ಲಿ ಕೂರ್ತೇವೆ. ಹತ್ತಿರದವರು ಬನ್ನಿ. ರೇಷನ್ ಕಾರ್ಡು, ಆಧಾರ್, ಮನೆ ಕರದ ರಸೀದಿ ಇದ್ರೆ ತನ್ನಿ, ಇಲ್ಲದಿದ್ರೆ ಹಾಗೇ ಬನ್ನಿ. ಮನೆಯಲ್ಲಿ ಎಂಬತ್ತು ದಾಟಿದ ಅಜ್ಜ ಅಜ್ಜಿ ಇದ್ರೆ ಮುಖ್ಯವಾಗಿ ಅವರನ್ನು ಕರಕೊಂಡು ಬನ್ನಿ, ಅವರು ಹೇಳಿದ್ದನ್ನು ಬರಕೊಳ್ಳೋದಿದೆ. ಬರವಣಿಗೆ ಚೆನ್ನಾಗಿರುವ ಇಬ್ಬರು ಬೇಕು. ಭಾಷಣ ಇರೋದಿಲ್ಲ. ಚಾ ಇರ್ತದೆ.

ಜೈಭೀಮ್.